ಅಕ್ಕನನ್ನು ಸಮುದ್ರಕ್ಕೆ ಕರೆದುಕೊಂಡು ಹೋದದ್ದು

ಗಂಡ, ಮಕ್ಕಳು ಯಾರೂ ಇಲ್ಲದೆ ಅಕ್ಕ ತಂಗಿ ಇಬ್ಬರೇ ಎಲ್ಲಿಗಾದರೂ ಹೋಗಿ ಬರಬೇಕು ಎಂದು ನಾವು ಮಾತಾಡಿಕೊಳ್ಳಲು ಶುರು ಮಾಡಿ ಒಂಬತ್ತು ವರ್ಷ ಆಗಿತ್ತು. ಪ್ರತಿ ವರ್ಷವೂ ಏನಾದರೊಂದು ಅಡ್ಡ ಬರುತ್ತಿತ್ತು. ಅಕ್ಕನ ಮನೆ ಬ್ಯಾಡಗಿಯಲ್ಲಿ. ಭಾವನವರದು ಮೆಣಸಿನಕಾಯಿ ವ್ಯಾಪಾರ. ಹೊಸ ಕಾಯಿ ಬರಲು ಶುರುವಾದರೆ ಊರಿಗೆ ಊರೇ ಸೀನುತ್ತಿರುತ್ತದೆ. ಭಾವನವರು ಮಧ್ಯಾಹ್ನ ಮೂರಕ್ಕೆ ಊಟಕ್ಕೆ ಬರುತ್ತಾರೆ, ಜೊತೆಗೆ ನಾಲ್ಕು ಜನರನ್ನು ಕರೆತರುತ್ತಾರೆ. ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದೇನೆ. ಒದ್ದೆ ಕಾಗದದಲ್ಲಿ ಸುತ್ತಿಟ್ಟ ಬೀಜಗಳಲ್ಲಿ ಎಷ್ಟು ಮೊಳೆತವು, ಎಷ್ಟು ಸತ್ತವು ಎಂದು ನೋಡಿ ಬರೆಯುವುದು ನನ್ನ ಕೆಲಸ. ರಜೆ ಸಿಕ್ಕರೆ ಅಕ್ಕನಿಗೆ ಆಗುತ್ತಿರಲಿಲ್ಲ, ಅಕ್ಕನಿಗೆ ಆದರೆ ನನಗೆ ರಜೆ ಸಿಗುತ್ತಿರಲಿಲ್ಲ.

ಕೊನೆಗೆ ಕಾರ್ತಿಕ ಮುಗಿದು ಸುಗ್ಗಿ ಶುರುವಾಗುವ ಮೊದಲು ಮೂರು ದಿನ ಕೂಡಿ ಬಂದವು. ಕುಮಟಾ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಒಂದು ಸಣ್ಣ ಊರು. ನನ್ನ ಜೊತೆ ಕೆಲಸ ಮಾಡುವಾಕೆ ಅಲ್ಲಿಗೆ ಹೋಗಿ ಬಂದಿದ್ದಳು. ಹೊಳೆ ಸಮುದ್ರ ಸೇರುವ ಜಾಗ, ದೋಣಿಯಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಸುತ್ತಾಟ, ಗುಡ್ಡದ ಮೇಲೆ ದೀಪಸ್ತಂಭ, ಸಂಜೆ ಜನರಿಲ್ಲದ ದಂಡೆ. ಅವಳು ಹೇಳಿದ್ದನ್ನೆಲ್ಲ ನಾನು ಡೈರಿಯ ಹಾಳೆಯಲ್ಲಿ ಹೊತ್ತು ಹೊತ್ತಿಗೆ ಹೊಂದಿಸಿ ಬರೆದಿದ್ದೆ. ಗಂಡನಿಗೂ ಮಗನಿಗೂ ಅಡುಗೆಯಿಂದ ಹಿಡಿದು ಇಸ್ತ್ರಿ ಬಟ್ಟೆಯವರೆಗೆ ಎಲ್ಲ ತೋರಿಸಿ, "ಸಾಯೋಹಂಗ ಆದ್ರ ಅಷ್ಟ ಫೋನ್ ಮಾಡ್ರಿ" ಎಂದು ಹೇಳಿ ಬಂದಿದ್ದೆ.

ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಮೂರು ಚೀಲ ಹಿಡಿದು ನಿಂತಿದ್ದಳು. ಒಂದರಲ್ಲಿ ಬಟ್ಟೆ, ಉಳಿದ ಎರಡರಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಂಡಿ. ಬಸ್ಸು ಇನ್ನೂ ಊರು ದಾಟಿರಲಿಲ್ಲ, ಅವಳ ಫೋನು ರಿಂಗಾಯಿತು.

"ಜೀರಗಿ ಕರೀ ಮುಚ್ಚಳದ ಡಬ್ಬ್ಯಾಗ ಐತಿ ನೋಡ್ರಿ. ಅದಲ್ಲ, ಅದು ಸಾಸಿವಿ. ಅದರ ಬಾಜೂಕ."

ಸಿರಸಿ ಬರುವಷ್ಟರಲ್ಲಿ ಐದು ಸಲ. ಭಾವನವರು, ಅತ್ತೆ, ಮಗ, ಮತ್ತೆ ಭಾವನವರು. ಘಟ್ಟ ಇಳಿಯುವಾಗ ಸಿಗ್ನಲ್ ಹೋಯಿತು. ನನಗೆ ಸಮಾಧಾನವಾಯಿತು. ಅಕ್ಕ ಮಾತ್ರ ಫೋನನ್ನು ಕಿಟಕಿಗೆ ಹಿಡಿದು ಕಡ್ಡಿ ಬಂತೋ ಇಲ್ಲವೋ ಎಂದು ನೋಡುತ್ತಲೇ ಇದ್ದಳು.

ನಾವು ಮುಟ್ಟಿದಾಗ ಮಧ್ಯಾಹ್ನ ಎರಡು. ಊರು ಮಲಗಿತ್ತು. ಅಂಗಡಿಗಳು ಬಾಗಿಲು ಹಾಕಿದ್ದವು. ನಮ್ಮ ರಾಣೆಬೆನ್ನೂರಿನಲ್ಲಿ ಆ ಹೊತ್ತಿಗೆ ರಸ್ತೆ ದಾಟಲು ಕಾಯಬೇಕು. ಇಲ್ಲಿ ರಸ್ತೆಯ ನಡುವೆ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ಲಾಡ್ಜಿನ ಹೆಂಗಸಿಗೆ, "ಈಗ ನೋಡಾಕ ಏನೈತ್ರಿ ಇಲ್ಲಿ?" ಎಂದು ಕೇಳಿದೆ.

"ಈಗ ಎಂತ ನೋಡುದು? ಬಿಸಿಲು. ಮಲಗಿ, ಐದಕ್ಕೆ ಎದ್ದು ದಂಡೆಗೆ ಹೋಗಿ," ಎಂದಳು.

ನಾನು ಬರೆದುಕೊಂಡ ಹಾಳೆಯಲ್ಲಿ ಮಲಗುವುದು ಇರಲಿಲ್ಲ. ಅಕ್ಕ ಫ್ಯಾನಿನ ಕೆಳಗೆ ಗೊರಕೆ ಹೊಡೆದಳು. ನಾನು ಕಿಟಕಿಯ ಹತ್ತಿರ ಕೂತು ಹೊತ್ತು ನೋಡುತ್ತಿದ್ದೆ.

ಐದಕ್ಕೆ ದಂಡೆಗೆ ಹೋದೆವು. ಅಷ್ಟು ದೊಡ್ಡ ದಂಡೆಯಲ್ಲಿ ನಾವಿಬ್ಬರು, ದೂರದಲ್ಲಿ ಬಲೆ ಬಿಡಿಸುತ್ತಿದ್ದ ಮೂರು ಜನ. ನೀರು ಬಂದು ಪಾದ ತೊಳೆದು ಹೋದಾಗ ಅಕ್ಕ ಸಣ್ಣ ಹುಡುಗಿಯ ಹಾಗೆ ಕೂಗಿ ನನ್ನ ಕೈ ಹಿಡಿದಳು. ಆ ಒಂದು ಗಳಿಗೆ ನಾನು ಅಂದುಕೊಂಡಿದ್ದ ಹಾಗೆಯೇ ಇತ್ತು. ಆಮೇಲೆ ಅವಳು, "ತಡಿ, ಮನ್ಯಾಗಿನವ್ರಿಗೂ ತೋರಸ್ತೀನಿ" ಎಂದು ವಿಡಿಯೋ ಕಾಲ್ ಮಾಡಿದಳು.

"ನೋಡ್ರಿ, ಸಮುದ್ರ!"

"ಸಮುದ್ರ ಇರ್ಲಿ," ಎಂದರು ಭಾವನವರು. "ಲೈಟರ್ ಎಲ್ಲಿ ಇಟ್ಟೀದಿ? ಗ್ಯಾಸ್ ಹಚ್ಚಾಕ ಒದ್ದಾಡಾಕತ್ತೇವಿ."

ಅಕ್ಕ ಸಮುದ್ರಕ್ಕೆ ಬೆನ್ನು ಹಾಕಿ, ಬ್ಯಾಡಗಿಯ ಅಡುಗೆಮನೆಯ ಕಟ್ಟೆಯನ್ನು ಎಡದಿಂದ ಬಲಕ್ಕೆ ಹುಡುಕಿಸಿದಳು. ಲೈಟರ್ ಸಿಕ್ಕಿತು. ಅವಳು ಈ ಕಡೆ ತಿರುಗುವಷ್ಟರಲ್ಲಿ ಸೂರ್ಯ ಮುಳುಗಿದ್ದ.

"ಅಯ್ಯ, ಹೋತೇನ?" ಎಂದಳು. ನಾನು ಚಪ್ಪಲಿ ಕೈಗೆತ್ತಿಕೊಂಡು ಲಾಡ್ಜಿನ ಕಡೆ ನಡೆದೆ.

ಮರುದಿನ ಬೆಳಿಗ್ಗೆ ಏಳಕ್ಕೇ ದೋಣಿಯ ಕಟ್ಟೆಗೆ ಹೋದರೆ ದೋಣಿ ಕೆಸರಿನಲ್ಲಿ ಕೂತಿತ್ತು. ದೋಣಿಯವರು ವಯಸ್ಸಾದವರು. "ನೀರು ಇಳ್ದದೆ. ಹತ್ತು ಗಂಟೆ ಮೇಲೆ ಬನ್ನಿ," ಎಂದರು. ಮೂರು ತಾಸು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಕಾದೆವು. ನನ್ನ ಹಾಳೆಯ ಹೊತ್ತುಗಳೆಲ್ಲ ಒಂದರ ಮೇಲೊಂದು ಬಿದ್ದವು. ಹತ್ತೂವರೆಗೆ ಕೊನೆಗೂ ಹೊರಟೆವು.

ಕಾಂಡ್ಲಾ ಗಿಡಗಳ ಬೇರುಗಳು ನೀರಿನಲ್ಲಿ ಬೆರಳುಗಳ ಹಾಗೆ ಊರಿ ನಿಂತಿದ್ದವು. ಒಳಗೆ ಹೋದಂತೆ ಬಿಸಿಲು ಹಸಿರಾಯಿತು. ದೋಣಿಯವರು ಮೋಟರ್ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟು ಒಂದು ಕೊಂಬೆ ತೋರಿಸಿದರು. ಎರಡು ಮಿಂಚುಳ್ಳಿಗಳು ಅಕ್ಕಪಕ್ಕ ಕೂತಿದ್ದವು. ನಾನು ಉಸಿರು ಬಿಗಿಹಿಡಿದೆ. ಅಕ್ಕನ ಫೋನು ರಿಂಗಾಯಿತು. ಹಕ್ಕಿಗಳು ಹಾರಿಹೋದವು.

ನಾನು ಕಿರುಚಿದೆ. "ಒಂದ್ ತಾಸು ಅದನ್ನ ಬಂದ್ ಮಾಡಾಕ ಆಗೂದಿಲ್ಲೇನ ನಿನಗ? ಜೀರಗಿ ಸಿಗಲಿಲ್ಲಂದ್ರ ಅವ್ರೇನು ಸಾಯ್ತಾರೇನ?"

ಅಕ್ಕ ಫೋನು ಎತ್ತಲಿಲ್ಲ. ಅದು ಅವಳ ಕೈಯಲ್ಲೇ ರಿಂಗಾಗಿ ರಿಂಗಾಗಿ ನಿಂತಿತು. ಆಮೇಲೆ ಮೆಲ್ಲಗೆ ಹೇಳಿದಳು: "ನನಗರ ಮಾಡ್ತಾರ. ಎರಡ ದಿನ ಆತು, ನಿನ್ನ ಫೋನ್ ಒಂದ್ ಸಲನೂ ರಿಂಗ್ ಆಗಿಲ್ಲಲಾ."

ಮಾಡಬೇಡಿ ಎಂದು ನಾನೇ ಹೇಳಿ ಬಂದಿದ್ದೆ. ಅದನ್ನು ಅವಳಿಗೆ ಹೇಳಬೇಕು ಎಂದು ಬಾಯಿ ತೆರೆದೆ. ಹೇಳದೆ, ನನ್ನ ಫೋನನ್ನು ಚೀಲದ ಒಳಗೆ ಇನ್ನಷ್ಟು ತಳ್ಳಿದೆ. ಹಿಂದಿನ ಸಂಜೆಯಿಂದ ನಾನೂ ನನ್ನ ಫೋನನ್ನು ಆಗಾಗ ತೆಗೆದು ನೋಡುತ್ತಿದ್ದೆ ಎಂಬುದು ಅವಳಿಗೆ ಕಂಡಿರಬೇಕು. ದೋಣಿಯವರು ನಮ್ಮಿಬ್ಬರನ್ನೂ ನೋಡದೆ ಮೋಟರ್ ಚಾಲೂ ಮಾಡಿ, ಅರ್ಧದಿಂದಲೇ ದೋಣಿಯನ್ನು ಹಿಂದಕ್ಕೆ ತಿರುಗಿಸಿದರು.

ದಂಡೆಗೆ ಬಂದ ಮೇಲೆ ಅಕ್ಕ ಮನೆಗೆ ಫೋನ್ ಮಾಡಿದಳು. ಅವಳ ಮಗಳ ಅತ್ತೆ ಮಾವ ಮರುದಿನ ಊಟಕ್ಕೆ ಬರುತ್ತಾರಂತೆ.

"ಬೀಗರು ಬರ್ತಾರಂದ್ರ ನಾ ಇಲ್ಲಿ ಹೆಂಗ ಕುಂದರ್ಲಿ? ನಡಿ, ಹೋಗೂಣು."

"ನೀ ಹೋಗು. ನಾ ಬರೂದಿಲ್ಲ."

"ಒಬ್ಬಾಕಿನ ಇಲ್ಲಿ ಏನ್ ಮಾಡ್ತಿ?"

"ನೋಡಾಕ ಬಂದೇನಿ, ನೋಡ್ತೀನಿ."

ಅವಳು ರೊಟ್ಟಿಯ ಚೀಲವನ್ನು ನನಗೇ ಬಿಟ್ಟು ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಮಾಡಿದಳು. ನಾನು ಮಾಡಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ, ಮಾಡಬೇಕಿತ್ತು ಅನ್ನಿಸಿತು.

ಐವತ್ತು ವರ್ಷದಲ್ಲಿ ನಾನು ಒಂದು ಊರಿನಲ್ಲಿ ಒಬ್ಬಳೇ ಇದ್ದದ್ದು ಅದೇ ಮೊದಲು. ಹಟದಿಂದ ಗುಡ್ಡ ಹತ್ತಿದೆ. ಮೊಣಕಾಲು ನೋಯಿತು, ಕುಪ್ಪಸ ಬೆವರಿಗೆ ಅಂಟಿತು. ಮೇಲೆ ಹೋದರೆ ದೀಪಸ್ತಂಭದ ಗೇಟಿಗೆ ಬೀಗ. ಒಳಗೆ ಗಿಡಕ್ಕೆ ನೀರು ಬಿಡುತ್ತಿದ್ದವನು, "ಇವತ್ತು ಸೋಮವಾರ ಅಲ್ವಾ, ರಜೆ. ನಾಳೆ ಸಂಜೆ ನಾಲ್ಕಕ್ಕೆ ಬನ್ನಿ," ಎಂದ. ಮರುದಿನ ಮಧ್ಯಾಹ್ನ ನನ್ನ ಬಸ್ಸು. ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು, ಆ ಬಿಳಿ ಗೋಡೆಯನ್ನೇ ದುರುಗುಟ್ಟಿ ನೋಡಿದೆ. ಎಷ್ಟು ಚಂದದ ಜಾಗ! ನನಗೆ ಮಾತ್ರ ಯಾರ ಮೇಲೆ ಸಿಟ್ಟಾಗಬೇಕು ಎಂದು ತಿಳಿಯಲಿಲ್ಲ.

ಇಳಿದು ಬರುವಾಗ ಬಯಲಿನಲ್ಲಿ ಮೀನು ಒಣಗಿಸುತ್ತಿದ್ದರು. ನಮ್ಮಲ್ಲಿ ಮೆಣಸಿನಕಾಯಿ ಹರವಿದ ಹಾಗೆಯೇ, ಸಾಲು ಬಿಟ್ಟು. ಅವನ್ನು ತಿರುವಿ ಹಾಕುತ್ತಿದ್ದ ಹೆಂಗಸು, "ಒಬ್ರೇ ಬಂದದ್ದಾ?" ಎಂದಳು.

"ಇಲ್ರಿ, ಅಕ್ಕ ಅದಾಳ ರೂಮಿನ್ಯಾಗ," ಎಂದೆ. ಯಾಕೆ ಸುಳ್ಳು ಹೇಳಿದೆನೋ!

ಮರುದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಮೊಣಕಾಲಿನ ತನಕ ನೀರಿಗೆ ಇಳಿದೆ. ಅಕ್ಕ ಇದ್ದಿದ್ದರೆ ಬಿಡುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಎರಡನೆಯ ಅಲೆ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡಿತು. ಬಿದ್ದೆ. ಮೂಗು ಬಾಯಿಗೆಲ್ಲ ಉಪ್ಪುನೀರು ಹೊಕ್ಕಿತು; ಯಾವ ಕಡೆ ದಂಡೆ ಎಂದು ತಿಳಿಯದೆ ಕೈ ಬಡಿದೆ. ಇನ್ನೊಂದು ಅಲೆ ಬಂದು ನನ್ನನ್ನು ದಡಕ್ಕೆ ದೂಡಿತು. ಸುತ್ತ ಯಾರೂ ಇರಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ, ಇದನ್ನು ಕೂಡಲೇ ಯಾರಿಗಾದರೂ ಹೇಳಬೇಕು ಅನ್ನಿಸಿತು. ರೂಮಿಗೆ ಬಂದು ಒದ್ದೆ ಸೀರೆಯಲ್ಲೇ ಮನೆಗೆ ಫೋನ್ ಮಾಡಿದೆ.

"ಎಲ್ಲಾ ಬರೋಬ್ಬರಿ ಐತಿ," ಎಂದರು ನನ್ನ ಗಂಡ. "ನೀ ಹೇಳಿದಂಗ ನಡದೈತಿ. ಆರಾಮ ಇದ್ದು ಬಾ."

ಬಿದ್ದದ್ದನ್ನು ಹೇಳಲಿಲ್ಲ. ಫೋನಿಟ್ಟು ಗೋಡೆಗೆ ಒರಗಿ ಅತ್ತೆ. ಹಸಿವಾದಾಗ ಅಕ್ಕನ ರೊಟ್ಟಿ ತಿಂದೆ. ಹೊರಗೆ ಊರು ಮತ್ತೆ ಮಧ್ಯಾಹ್ನದ ನಿದ್ದೆಗೆ ತಯಾರಾಗುತ್ತಿತ್ತು.

ಬೀಗರು ಬರಲೇ ಇಲ್ಲವಂತೆ. ದಾರಿಯಲ್ಲಿ ಗಾಡಿ ಕೆಟ್ಟು ತಿರುಗಿ ಹೋದರಂತೆ. ಅದು ನನಗೆ ಗೊತ್ತಾದದ್ದು ಬೇರೆಯವರಿಂದ. ಒಂದು ತಿಂಗಳ ಮೇಲಾಯಿತು, ನಾನೂ ಫೋನ್ ಮಾಡಲಿಲ್ಲ, ಅಕ್ಕನೂ ಮಾಡಲಿಲ್ಲ. ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರಿಗೆ ತೋರಿಸಲು ರಾಣೆಬೆನ್ನೂರಿಗೆ ಬಂದವಳು ನಮ್ಮ ಮನೆಗೂ ಬಂದಳು. ಒಂದು ಕೆನ್ನೆ ಊದಿತ್ತು.

"ಒಬ್ಬಾಕಿನ ಏನ್ ಮಾಡಿದಿ ಅಲ್ಲಿ?" ಎಂದು ಕೇಳಿದಳು.

ಅಲೆಗೆ ಸಿಕ್ಕು ಬಿದ್ದದ್ದನ್ನು ಮೊದಲ ಸಲ ಅವಳಿಗೇ ಹೇಳಿದೆ. ಅವಳ ಮುಖ ಬಿಳಿಚಿತು. "ಹುಚ್ಚಿ ಅದೀಯೇನ? ಏನರ ಆಗಿದ್ರ?" ಎಂದು ಬೈದಳು. ಎಷ್ಟೋ ಹೊತ್ತು ಬೈದಳು. ಆಮೇಲೆ ತಣ್ಣಗಾಗಿ, "ನಿನ್ನ ಅಲ್ಲಿ ಬಿಟ್ಟು ನಾ ಬರಬಾರದಿತ್ತು," ಎಂದಳು. "ಅವ್ರು ಕರದ್ರಂದ್ರ ನನಗ ನಿಲ್ಲಾಕ ಆಗೂದಿಲ್ಲ ನೋಡು. ಸಿಟ್ಟೂ ಬರ್ತೈತಿ, ಬಿಡಾಕೂ ಆಗೂದಿಲ್ಲ."

"ನನ್ನನ್ನ ಯಾರೂ ಕರೀಲಿಲ್ಲ," ಎಂದೆ.

"ಗೊತ್ತೈತಿ. ನಾ ಹಂಗ ಅನ್ನಬಾರದಿತ್ತು."

ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇಳಿದಂತೆ ತೋರಿಸಲೂ ಇಲ್ಲ. ಹಲ್ಲು ನೋಯುತ್ತದೆ ಎಂದು ಅವಳು ಚಹಾ ಬೇಡವೆಂದಳು. ಗಂಜಿ ಕಾಯಿಸಿ, ಆರಿಸಿ ಕೊಟ್ಟೆ. ಒಂದೇ ಕಡೆಯಿಂದ ಮೆಲ್ಲಗೆ ಕುಡಿಯುತ್ತಾ, ಆ ದೋಣಿಯವರು ಇನ್ನೂ ಒಳಗೆ ಎಲ್ಲಿಯ ತನಕ ಕರೆದುಕೊಂಡು ಹೋಗುತ್ತಿದ್ದರು ಎಂದು ಕೇಳಿದಳು. ನನಗೂ ಗೊತ್ತಿಲ್ಲ ಎಂದೆ.