ಪಾಪಮ್ಮತ್ತೆ ಹಸನು ಮಾಡಿದ ನೆಲ

ಮೊನ್ನೆ ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಯಾರೋ ಲಂಟಾನ ಕಡಿಯುತ್ತಿದ್ದರು. ಮಚ್ಚಿನ ಏಟು ಬಿದ್ದಾಗೆಲ್ಲ ಆ ಎಲೆಯ ಘಾಟು ವಾಸನೆ ಮೂಗಿಗೆ ಅಡರುತ್ತಿತ್ತು. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನನಗೆ ಕಾಣುತ್ತಿದ್ದುದು ಬೈರಕೂರಿನ ಕಡೆಯ ನಮ್ಮ ಹಳ್ಳಿ, ಊರ ಹಿಂದಿನ ನೀರಿನ ಕುಂಟೆ, ಅದರ ದಂಡೆಯ ಮೇಲೆ ಸೀರೆ ಎತ್ತಿ ಕಟ್ಟಿಕೊಂಡು ನಿಂತ ಪಾಪಮ್ಮತ್ತೆ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬಹುದು, ಎಲ್ಲರೂ ಏಳುವ ಮುಂಚೆ ಎದ್ದು, ಎಲ್ಲರೂ ಉಂಡ ಮೇಲೆ ಉಣ್ಣುವವಳು.

ಪಾಪಮ್ಮತ್ತೆ ನಮ್ಮಪ್ಪನ ಅಕ್ಕ. ತೆಲುಗು ಸೀಮೆಯ ಪುಂಗನೂರಿನ ಕಡೆ ಕೊಟ್ಟಿದ್ದರಂತೆ. ಗಂಡ ಬೇಗ ತೀರಿಕೊಂಡು, ನಾನು ಹುಟ್ಟುವ ಮೊದಲೇ ತೌರಿಗೆ ಬಂದುಬಿಟ್ಟಿದ್ದಳು. ನನಗೆ ನೆನಪಿರುವ ಆ ಮನೆಯ ಬೆಳಗು ಎಂದರೆ ಅವಳು ರಾಗಿ ಬೀಸುವ ಸದ್ದು, ಹಿಟ್ಟಿನ ಬೆಚ್ಚನೆಯ ವಾಸನೆ, ಬೀಸುತ್ತಲೇ ಅವಳು ತೆಲುಗಿನಲ್ಲಿ ತನ್ನಷ್ಟಕ್ಕೆ ಗೊಣಗುವ ಮಾತು. ಮನೆಯಲ್ಲಿ ಯಾರೂ ಅವಳನ್ನು ಬೈಯುತ್ತಿರಲಿಲ್ಲ. ಬೈಯದೆಯೂ ಒಬ್ಬರನ್ನು ಮೂಲೆಗೆ ಕೂರಿಸಬಹುದು ಎನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಯುದ್ಧ ನಡೆಯುತ್ತಿದ್ದ ಕಾಲ. ಅಕ್ಕಿಗೂ ತತ್ವಾರ, ಸೀಮೆಎಣ್ಣೆಗೂ ತತ್ವಾರ. ಬೀಳು ಬಿದ್ದ ಸರ್ಕಾರಿ ಜಾಗವನ್ನು ತುಂಡು ತುಂಡು ಮಾಡಿ ತರಕಾರಿ ಬೆಳೆಯುವವರಿಗೆ ಕೊಡುತ್ತಾರೆ, ಯಾರು ಹಸನು ಮಾಡಿ ಬಿತ್ತುತ್ತಾರೋ ಅವರ ಹೆಸರಿಗೇ ಬರೆಯುತ್ತಾರೆ ಎಂದು ತಳವಾರ ತಮಟೆ ಬಾರಿಸಿ ಸಾರಿಕೊಂಡು ಹೋದ. ಅಪ್ಪ ನಕ್ಕುಬಿಟ್ಟ. ಕುಂಟೆಯ ಪಕ್ಕದ ಆ ಜಾಗದಲ್ಲಿ ಲಂಟಾನ, ಕಲ್ಲು ಬಿಟ್ಟರೆ ಇನ್ನೇನೂ ಇರಲಿಲ್ಲ. ಅತ್ತೆ ಮಾತ್ರ ಅವತ್ತೇ ಹಾರೆ ಹುಡುಕಿದಳು. "ನಂದೂ ಅಂತ ಒಂದು ಗೇಣು ನೆಲ ಇದ್ರೆ ಸಾಕು ಕಣೇ," ಎಂದಳು ನನ್ನ ಹತ್ತಿರ. "ಒಂದು ಗುಡಿಸ್ಲು ಹಾಕ್ಕೊಂಡು ನನ್ನ ಕೂಳು ನಾನು ಬೇಯಿಸ್ಕೊಂತೀನಿ."

ಮನೆಗೆಲಸ ಮುಗಿಸಿ ದಿನವೂ ಹೋಗುತ್ತಿದ್ದಳು. ನನಗಾಗ ಒಂಬತ್ತು ವರ್ಷ. ಜೊತೆಗೆ ನಾನೂ ಹೋಗುತ್ತಿದ್ದೆ. ಲಂಟಾನ ಕಡಿದಳು, ಬುಡಕ್ಕೆ ಹಾರೆ ಕೊಟ್ಟು ಮೀಟಿದಳು, ಮಂಕರಿಗಟ್ಟಲೆ ಕಲ್ಲು ಹೊತ್ತು ಅಂಚಿಗೆ ಸುರಿದಳು. ಕಲ್ಲು ತೆಗೆದಷ್ಟೂ ಕಲ್ಲು ಬರುತ್ತಿತ್ತು. ಎಲ್ಲಕ್ಕಿಂತ ಹಟಮಾರಿ ಎಂದರೆ ಗರಿಕೆ ಬೇರು. ಅದನ್ನು ಮಣ್ಣಿನಿಂದ ಎಳೆಯುವಾಗ ಅವಳು "ಎಕ್ಕಡಿಕಿ ಪೋತಾವೇ, ರಾವೇ ಬಯಟಿಕಿ," ಎನ್ನುತ್ತಿದ್ದಳು, ಎಲ್ಲಿಗೆ ಹೋಗ್ತೀಯೇ, ಬಾರೇ ಹೊರಗೆ, ಎಂದು. ಆಗ ಮಾತ್ರ ಅವಳ ಮುಖದಲ್ಲಿ ನಗು ಇರುತ್ತಿತ್ತು. ಬೇರುಗಳನ್ನು ಒಣಗಿಸಿ ಸುಟ್ಟು, ಬೂದಿಯನ್ನು ಗೊಬ್ಬರದ ಜೊತೆ ಬೆರೆಸಿ, ಹೆಂಟೆಯನ್ನೆಲ್ಲ ಕೈಯಲ್ಲೇ ಪುಡಿ ಮಾಡಿ, ಕುಂಟೆಯ ನೀರು ಹರಿಯುವ ಹಾಗೆ ಸಣ್ಣ ಸಣ್ಣ ಪಾತಿ ಕಟ್ಟಿದಳು. ಮೂರು ತಿಂಗಳಲ್ಲಿ ಅವಳ ಅಂಗೈ ಎರಡು ಸಲ ಒಡೆದು, ಎರಡು ಸಲ ಮಾಯಿತು. ಹಸನಾದ ಆ ನೆಲದ ಮೇಲೆ ಬರಿಗಾಲಲ್ಲಿ ನಡೆದರೆ ಪಾದ ಮೆತ್ತಗೆ ಇಳಿಯುತ್ತಿತ್ತು.

ಬಿತ್ತುವ ದಿನ ಅವಳು ಕೋಸಂಬರಿ ಮಾಡಿದಳು, ಹೂವು ತಂದಳು, ಬಟ್ಟೆಯ ಗಂಟಿನಲ್ಲಿ ಜೋಪಾನ ಮಾಡಿದ್ದ ದಂಟು, ಮೂಲಂಗಿ, ಬದನೆ ಬೀಜ ತೆಗೆದು ಅಮ್ಮನನ್ನು ಕರೆದಳು. ಗಂಡ ಹೋದವಳ ಕೈಯಿಂದ ಬೀಜ ಬೀಳಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ.

"ನೀವೇ ಹಾಕ್ಬಿಡಿ ಅಕ್ಕಾ, ಯಾರು ನೋಡ್ತಾರೆ?" ಎಂದಳು ಅಮ್ಮ.

"ಭೂಮ್ತಾಯಿ ನೋಡಲ್ವೇನೇ? ಮುತ್ತೈದೆ ಕೈಯಿಂದ ಬೀಳ್ಲಿ. ನನ್ನ ಕೈ ಬ್ಯಾಡ."

ಅಮ್ಮ ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದು ಎಲ್ಲ ಪಾತಿಗೂ ಬಿತ್ತಿದಳು. ನೀರಿಗೆ ಬಂದ ಊರ ಹೆಂಗಸರೆಲ್ಲ ನೋಡಿದರು.

ಮೊಳಕೆ ಬಂದು ನೆಲ ಹಸಿರಾದ ಮೇಲೆ ಕಂದಾಯದ ಶೇಕದಾರರು ಜಾಗ ನೋಡಲು ಬಂದರು. ಅಪ್ಪ ತಲೆಗೆ ರುಮಾಲು ಸುತ್ತಿಕೊಂಡು ಮುಂದೆ ನಿಂತ. ಆ ಮೂರು ತಿಂಗಳಲ್ಲಿ ಅಪ್ಪ ಅತ್ತ ಹಾಯ್ದದ್ದೂ ಇಲ್ಲ. "ಯಾರದಿದು?" ಎಂದರೆ, "ನಮ್ಮದೇ ಸ್ವಾಮಿ," ಎಂದ. ಶೇಕದಾರರು ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ, "ಬೀಜ ಹಾಕಿದ್ದು ಯಾರಮ್ಮಾ?" ಎಂದು ಕೇಳಿದರು. ಅಷ್ಟು ದೊಡ್ಡವರು ನನ್ನನ್ನು ಕೇಳಿದರಲ್ಲ ಎಂದು ಉಬ್ಬಿಹೋಗಿ, "ನಮ್ಮಮ್ಮ," ಎಂದು ಗಟ್ಟಿಯಾಗಿ ಹೇಳಿದೆ. ಅವರು ಅಪ್ಪನ ಹೆಸರು ಬರೆದುಕೊಂಡರು. ಅಪ್ಪ ಅಕ್ಕನ ಹೆಸರೆತ್ತದೆ ರುಮಾಲು ಸರಿಮಾಡಿಕೊಂಡ. ಅಮ್ಮ ಸೆರಗಿನ ತುದಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಅತ್ತೆ ಖಾಲಿ ಮಂಕರಿ ಹಿಡಿದು ಕಲ್ಲಿನ ಗುಡ್ಡೆಯ ಹತ್ತಿರ ನಿಂತಿದ್ದಳು. ಅಮ್ಮ ಆಮೇಲೆ ನನ್ನನ್ನು ಗದರಿದಾಗ, "ಬಿಡೇ, ಮಗು ನಿಜಾನೇ ಹೇಳ್ತು," ಎಂದದ್ದು ಅತ್ತೆಯೇ. ಅಪ್ಪನನ್ನು ನಾನು ಆ ಒಂದು ವಿಷಯಕ್ಕೆ ಇವತ್ತಿಗೂ ಕ್ಷಮಿಸಿಲ್ಲ.

ಗುಡಿಸಲಿನ ಮಾತು ಮತ್ತೆ ಏಳಲಿಲ್ಲ. ಅದೇ ನೆಲದಲ್ಲಿ ಅವಳು ಆರು ವರ್ಷ ಕಳೆ ಕಿತ್ತಳು, ನೀರು ಹೊತ್ತಳು, ಸೊಪ್ಪು ಕೊಯ್ದು ತಂದು ನಮ್ಮ ಅಡುಗೆಮನೆಯಲ್ಲಿ ಸುರಿದಳು, ಎಲ್ಲರೂ ಉಂಡ ಮೇಲೆ ಉಂಡಳು.

ಆರನೆಯ ವರ್ಷ ಅಪ್ಪ ತೀರಿಕೊಂಡ. ಈಗ ಅಮ್ಮನ ಕೈಯೂ ಆಗದು. ನನಗೆ ಮದುವೆಯಾಗಿ, ಮಾಲೂರಿನ ಗಂಡನ ಮನೆಯಿಂದ ಬಂದಿದ್ದೆ. ಬೆನ್ನು ಬಾಗಿಹೋಗಿದ್ದ ಅತ್ತೆ ಪಾತಿ ಮಾಡಿಟ್ಟು, ದಂಟಿನ ಬೀಜ ತಂದು ನನ್ನ ಅಂಗೈಗೆ ಸುರಿದಳು. "ಹಾಕು ತಾಯಿ, ಇನ್ನು ನೀನೇ ಹಾಕ್ಬೇಕು," ಎಂದಳು. ಈ ಸಲ ನೀನೇ ಹಾಕು ಅತ್ತೆ, ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟು ಹೊತ್ತಿಗೆ ನನಗೆ ಎಲ್ಲವೂ ಅರ್ಥವಾಗಿತ್ತು. ಆದರೆ ಅಮ್ಮ ನೋಡುತ್ತಿದ್ದಳು, ಹೊಟ್ಟೆಯಲ್ಲಿ ನನ್ನ ಮೊದಲ ಮಗು ಇತ್ತು, ನನಗೆ ಹೆದರಿಕೆಯಾಯಿತು. ನಾನೇ ಬಿತ್ತಿದೆ. ತನ್ನ ನೆರಳು ಪಾತಿಯ ಮೇಲೆ ಬೀಳದಿರಲಿ ಎಂದು ಅವಳು ದೂರ ಸರಿದು ನಿಂತಳು. ದಂಟು ಒತ್ತಾಗಿ ಹುಟ್ಟಿತಂತೆ. ಅದನ್ನು ಕೀಳುವ ಹೊತ್ತಿಗೆ ಪಾಪಮ್ಮತ್ತೆ ಇರಲಿಲ್ಲ.