ಬೀಗರ ಸೋಡಾಕ್ಕೆ ಅವ್ವ ಕಾಸಿದ ನೊರೆ

…ಅಥವಾ ಅದು ಬರೀ ಸೋಡಾ ಆಗಿರಲಿಲ್ಲವೇನೋ, ಗುಲಾಬಿ ಶರಬತ್ತು ಬೆರೆಸಿದ್ದರೇನೋ. ನನಗೆ ಕೆಂಪು ಬಣ್ಣ ನೆನಪಿದೆ. ಆ ಕೆಂಪು ಹಂದರದ ಬಟ್ಟೆಯಿಂದ ಗ್ಲಾಸಿನೊಳಗೆ ಬಿದ್ದದ್ದೂ ಇರಬಹುದು. ಅಫಜಲಪುರದ ನನ್ನ ಚಿಕ್ಕಪ್ಪ ಈ ಕಥೆ ಹೇಳುವಾಗ ಇಂಥ ಅನುಮಾನ ಇರುತ್ತಿರಲಿಲ್ಲ. ಬಣ್ಣ, ಹೊತ್ತು, ತಪ್ಪು ಮಾಡಿದವರು, ಎಲ್ಲವೂ ಅವನಿಗೆ ಗೊತ್ತಿತ್ತು. ತಪ್ಪು ಮಾಡಿದವಳು ನನ್ನ ಅವ್ವ. ಅಷ್ಟು ಅಚ್ಚುಕಟ್ಟಾದ ನೆನಪನ್ನು ನಾನು ನಂಬುವುದಿಲ್ಲ. ನನ್ನದನ್ನೂ ಪೂರ್ತಿ ನಂಬುವುದಿಲ್ಲ, ಆದರೆ ಸಿಟ್ಟು ಮಾಸಿಲ್ಲ.

ಲಡಾಯಿಯ ವರ್ಷಗಳು, ದೊಡ್ಡ ಯುದ್ಧ ನಡೆದಿತ್ತು. ನಮ್ಮ ಜೇವರ್ಗಿಯ ಸೋಡಾ ಅಂಗಡಿಗೆ ಗ್ಯಾಸ್ ಸರಿಯಾಗಿ ಬರುತ್ತಿರಲಿಲ್ಲ. ನಮ್ಮ ಜನಕ್ಕೋ ನೊರೆ ಎಷ್ಟೋ ಸೋಡಾ ಅಷ್ಟು ಜೋರು. ಅಂಗಡಿಯವನು ನೊರೆ ಹುಡುಕಿಕೊಂಡು ಅವ್ವನ ಹತ್ತಿರ ಬಂದ. ರೇಷ್ಮೆ ಸೀರೆ ತೊಳೆಯಲು ಅಂಟವಾಳಕಾಯಿ ಕಾಸುವುದರಲ್ಲಿ ಅವ್ವನದು ಪಳಗಿದ ಕೈ. ಬೀಜ ತೆಗೆದು, ಸಿಪ್ಪೆ ನೆನೆಹಾಕಿ, ಕುದಿಸಿ, ಸೋಸಿ, ಆ ಕಂದು ರಸಕ್ಕೆ ಬಹಳಷ್ಟು ನೀರು ಬೆರೆಸಿ ಅವನಿಗೆ ಕೊಡುವಳು. ಗ್ಲಾಸಿಗೆ ನಾಲ್ಕು ಹನಿ, ಮೇಲೆ ಸೋಡಾ. ಹೆಚ್ಚಾದರೆ ಕಹಿ, ಇನ್ನೂ ಹೆಚ್ಚಾದರೆ ವಾಂತಿ. ಇದು ಊರಿಗೆಲ್ಲ ಗೊತ್ತು. ವಿಷ ನುಂಗಿದವರಿಗೆ ಕುಡಿಸಿ ಕಕ್ಕಿಸುತ್ತಿದ್ದದ್ದು ಇದನ್ನೇ.

ಅವ್ವನಿಗೆ ಇನ್ನೊಂದು ಕೆಲಸದಲ್ಲೂ ಹೆಸರಿತ್ತು. ಮದುವೆ ಮನೆಗಳಲ್ಲಿ ಹೂರಣದ ಹದ ನೋಡುವವಳು ಆಕೆ. ಆಕೆ ಬೆರಳಲ್ಲಿ ತಿಕ್ಕಿ ನೋಡಿ "ಆತು" ಅನ್ನುವವರೆಗೆ ಯಾರೂ ಹೋಳಿಗೆ ತಟ್ಟುತ್ತಿರಲಿಲ್ಲ. ಅಪ್ಪ ತೀರಿದ ಮೇಲೆ ಆಕೆಗೆ ಉಳಿದಿದ್ದ ಮರ್ಯಾದೆ ಅದೊಂದೇ.

ಚಿಕ್ಕಪ್ಪನ ಮಗಳ ಮದುವೆ ನಮ್ಮ ಅಂಗಳದಲ್ಲೇ ಆಯಿತು. ಬೀಗರು ಖಜೂರಿ ಊರಿನವರು. ಆಗ ಒಂದು ಕಟ್ಟಳೆಯಿತ್ತು. ಸೋಡಾ ಮುಂದಿಟ್ಟರೆ ಬೀಗರ ಹಿರಿಯ ತಕ್ಷಣ ಮುಟ್ಟುವುದಿಲ್ಲ. ರುಮಾಲು ಬಿಚ್ಚಿ, ಮತ್ತೆ ಸುತ್ತಿಕೊಂಡು, ಮೀಸೆ ತಿದ್ದಿ, ಆಮೇಲೆ ಗ್ಲಾಸ್ ಎತ್ತುತ್ತಾನೆ. ಅಷ್ಟರಲ್ಲಿ ನೊರೆ ಇಳಿದಿದ್ದರೆ ಹೆಣ್ಣಿನ ಕಡೆಯವರು ಮರ್ಯಾದೆ ಕಡಿಮೆ ಮಾಡಿದ ಹಾಗೆ.

ಹಿರಿಯನಾಗಿ ಕೂತವನು ವರನ ಸೋದರಮಾವ. ರುಮಾಲು ಸುತ್ತಿ ಮುಗಿಸಿ ಗ್ಲಾಸ್ ನೋಡಿದ.

"ಯಾಕ್ರಿ ಬೀಗರೇ, ನಿಮ್ಮೂರ ಸೋಡಾಕ್ಕ ನಿದ್ದಿ ಬಂದದೇನ್ರಿ?"

ಸೋಡಾದವನು ಕೈ ಮುಗಿದ. "ಗ್ಯಾಸೆಲ್ಲ ಲಡಾಯಿಗಿ ಹೋಗ್ಯಾದ್ರಿ ಧಣ್ಯಾರ."

"ಹಂಗಾರ ನೀನೂ ಹೋಗಲೇ. ಗ್ಯಾಸ್ ಹಿಡ್ಕೊಂಡು ಬಾ."

ಹಂದರವೆಲ್ಲ ನಕ್ಕಿತು. ತಟ್ಟೆ ವಾಪಸ್ ಬಂತು. ಎರಡನೆಯದೂ ವಾಪಸ್ ಬಂತು. ಚಿಕ್ಕಪ್ಪ ಬೆವರುತ್ತ ಅಡುಗೆಮನೆಗೆ ಬಂದ.

"ವೈನಿ, ರಸ ಗಟ್ಟಿದು ಕೊಡ್ರಿ. ಮರ್ಯಾದಿ ಹೊಂಟದ."

"ಅದು ಸೀರಿಗಿ ಇಟ್ಟಿದ್ದಪ್ಪ, ಕುಡಿಯಾದಕ್ಕಲ್ಲ. ಹೊಟ್ಟಿ ತೊಳಸ್ತದ."

"ಒಂದ್ ಗ್ಲಾಸಿನ ಮಾತು ರೀ. ಕೊಡ್ರಿ ಅಂದ್ರ ಕೊಡ್ರಿ."

ಅವ್ವನ ಕೈ ಹೂರಣದಲ್ಲಿತ್ತು. ಮೂಲೆಯಲ್ಲಿ ಎರಡು ಚೆಂಬು, ಒಂದರಲ್ಲಿ ಗಟ್ಟಿ ರಸ, ಒಂದರಲ್ಲಿ ನೀರು ಬೆರೆಸಿದ್ದು. ಆಕೆ ಗದ್ದದಿಂದ ಒಂದನ್ನು ತೋರಿಸಿ ನನಗೆ ಒಯ್ಯಲು ಹೇಳಿದಳು. ನನ್ನ ಕಂಕುಳಲ್ಲಿ ನೆಂಟರ ಕೂಸಿತ್ತು, ಇನ್ನೊಂದು ಕೈಯಲ್ಲಿ ಚೆಂಬು ಎತ್ತಿಕೊಂಡು ಹೋಗಿ ಸೋಡಾದವನಿಗೆ ಕೊಟ್ಟೆ.

ಈ ಸಲ ನೊರೆ ಗ್ಲಾಸು ತುಂಬಿ ತಟ್ಟೆಗೂ ಇಳಿಯಿತು. "ಈಗ ನೋಡ್ರಿ, ಮೈತುಂಬಿ ಬಂದದ," ಅಂದ ಸೋದರಮಾವ. ಮೊದಲ ಗುಟುಕಿಗೆ ಅವನ ಮುಖ ಕಿವುಚಿದ್ದನ್ನು ನಾನು ಕಂಡೆ. ಹೊಗಳಿಬಿಟ್ಟಿದ್ದನಲ್ಲ, ಕಹಿ ಅನ್ನುವುದು ಹೇಗೆ? ಪೂರಾ ಕುಡಿದ. ಇನ್ನೊಂದು ಕೇಳಿದ. ಅದನ್ನೂ ಕುಡಿದ. ಅಕ್ಷತೆಗೆ ಮೊದಲೇ ಹಂದರದ ಕಂಬ ಹಿಡಿದುಕೊಂಡು ಕಕ್ಕಿದ.

ಆಗ ಚಿಕ್ಕಪ್ಪ ಎಲ್ಲರೆದುರು ಅಂದ: "ಹೆಂಗಸರ ಕೆಲಸ ನೋಡ್ರಿ. ಅಳತಿ ತಿಳಿಯಂಗಿಲ್ಲ."

ಗಟ್ಟಿ ಕೊಡಿ ಅಂದವನು ಅವನು. ಎರಡು ತಟ್ಟೆ ಹಿಂದಕ್ಕೆ ಕಳಿಸಿದವನು, ಗಂಟಲಿಗೆ ಕಹಿ ತಾಗಿದರೂ ಇನ್ನೊಂದು ಕೇಳಿದವನು ಆ ಬೀಗ. ಇಬ್ಬರನ್ನೂ ಯಾರೂ ಕೇಳಲಿಲ್ಲ. ಬೀಗನ ಬೆನ್ನು ಸವರುವುದಕ್ಕೆ ಹತ್ತು ಜನ ಓಡಿದರು. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ನನ್ನ ಸಿಟ್ಟಿನಲ್ಲಿ ಅದಕ್ಕೂ ಪಾಲಿದೆ.

ಮುಂದಿನ ಮದುವೆ ಯಡ್ರಾಮಿಯಲ್ಲಿ. ಅವ್ವ ಸೆರಗು ಸಿಕ್ಕಿಸಿಕೊಂಡು ಒಲೆಯ ಹತ್ತಿರ ಹೋದಾಗ ಒಬ್ಬಾಕೆ ಮೆಲ್ಲಗೆ, "ಅಕ್ಕಾರ, ನೀವು ಕೂಡ್ರಿ. ಹೂರಣ ನಾವ್ ನೋಡ್ಕೊಂತೀವಿ," ಅಂದಳು. ಆ ಮೆಲುದನಿಯೇ ನನಗೆ ಎಲ್ಲಕ್ಕಿಂತ ಅಸಹ್ಯ. ಅವ್ವ ಗೋಡೆಗೆ ಆನಿಕೊಂಡು ಕೂತಳು. ಅಲ್ಲಿಂದಾಚೆ ಯಾರೂ ಆಕೆಯನ್ನು ಕರೆಯಲಿಲ್ಲ. ಚಿಕ್ಕಪ್ಪ ಮಾತ್ರ ಆಳಂದದ ನೆಂಟರ ಮನೆಯಲ್ಲೂ ಈ ಕಥೆ ಹೇಳಿ ನಗಿಸುತ್ತಿದ್ದ.

ಅವ್ವ ಆ ದಿನ ಯಾವ ಚೆಂಬು ತೋರಿಸಿದಳು? ಮೈದುನನ ಒತ್ತಾಯಕ್ಕೆ ಸೋತು ಗಟ್ಟಿಯದನ್ನೇ ಹೇಳಿದಳೋ, ತೆಳುವಾದದ್ದನ್ನು ಹೇಳಿದ್ದರೂ ನಾನು ಅವಸರದಲ್ಲಿ ಇನ್ನೊಂದನ್ನು ಎತ್ತಿಕೊಂಡೆನೋ, ಅಥವಾ ನಾನು ಒಯ್ದದ್ದು ತೆಳುವಾದದ್ದೇ ಆಗಿದ್ದು ಸೋಡಾದವನು ಹೆದರಿ ಹನಿಯ ಬದಲು ಧಾರೆ ಸುರಿದನೋ. ಆಕೆ ಸಾಯುವವರೆಗೂ ಹೇಳಲಿಲ್ಲ. ನಾನು ಕೇಳಲಿಲ್ಲ. ನಾನು ಒಯ್ದದ್ದು ಯಾವ ಚೆಂಬು ಎಂದು ನನಗೆ ಗೊತ್ತಿಲ್ಲ.