ದೊಡ್ಡಮ್ಮ ನುಂಗಿದ ನನ್ನ ಮಾತ್ರೆ

ಕಳೆದ ಗುರುವಾರ ನಮ್ಮ ದೊಡ್ಡಮ್ಮ ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದರು. ಅದು ಮುಗಿದ ಮೇಲೆ ಎಡಗಡೆ ಮನೆಯವರ ಪಾತ್ರೆಗಳನ್ನು ತಿಕ್ಕಿದರು. ಬಲಗಡೆ ಮನೆಯವರು ಬಾಗಿಲು ಹಾಕಿಕೊಂಡರು.

ಹಬ್ಬವಿರಲಿಲ್ಲ. ನೆಂಟರು ಬರುವವರಿರಲಿಲ್ಲ. ಬೆಳಗಿನ ಕಾಫಿಯ ಜೊತೆ ಅವರು ನನ್ನ ಮಾತ್ರೆಯೊಂದನ್ನು ನುಂಗಿದ್ದರು, ಅಷ್ಟೆ.

ಯಾವ ಮಾತ್ರೆ? ಅದನ್ನು ಹೇಳಬೇಕಾದರೆ ನನ್ನ ಮಾನವನ್ನು ಸ್ವಲ್ಪ ಹರಾಜು ಹಾಕಬೇಕು. (ಪ್ರತಿ ವಾರ ಈ ಅಂಕಣದಲ್ಲಿ ಊರವರದ್ದನ್ನು ಹಾಕುತ್ತೇನೆ. ಈ ವಾರ ನನ್ನ ಸರದಿ.)

ನಾನು ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿ ಗೇಟ್‌ಪಾಸ್ ಬರೆಯುವ ಗುಮಾಸ್ತ. ಲಾರಿಯ ನಂಬರು, ಅದರಲ್ಲಿರುವ ಸಾಮಾನು, ಅದು ಹೋಗುವ ಊರು. ಮೂರೇ ಸಾಲು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನಾನು ಕಿಟಕಿಯಾಚೆ ಇರುತ್ತೇನೆ. ಹೋದ ತಿಂಗಳು ನಾಯಂಡಹಳ್ಳಿಗೆ ಹೋಗಬೇಕಾದ ಲಾರಿ ಮಧ್ಯಾಹ್ನವೆಲ್ಲ ಸುಂಕದಕಟ್ಟೆಯಲ್ಲಿ ನಿಂತಿತ್ತು. ಪಾಸು ಬರೆಯುವಾಗ ನಾನು ಡ್ರೈವರನ ಕೆಮ್ಮನ್ನು ಅವನಿಗೇ ಕೆಮ್ಮಿ ತೋರಿಸುತ್ತಿದ್ದೆ. ಕೆಮ್ಮು ಚೆನ್ನಾಗಿ ಬಂತು. ಮೆಮೊ ಕೂಡ ಬಂತು. ಅದು ಮೂರನೆಯದು. ಇನ್ನೊಂದು ತಪ್ಪಾದರೆ ಕೆಲಸವಿಲ್ಲ ಎಂದು ಮ್ಯಾನೇಜರು ಕೈಸನ್ನೆಯಲ್ಲೇ ಹೇಳಿದರು.

ಸೋಮಾರಿ ಎನ್ನುತ್ತೀರಾ? ಒಂದು ಗುಟ್ಟು ಹೇಳುತ್ತೇನೆ. ನಮ್ಮ ಹೆಡ್‌ಗುಮಾಸ್ತರ ಹಾಗೆ ಬೆನ್ನು ಬಗ್ಗಿಸಿ, ಅವರ ಹಾಗೆ ಮೂಗಿನಲ್ಲೇ 'ಹ್ಞೂ' ಎಂದುಕೊಂಡರೆ ನಾನೂ ನಾಲ್ಕು ಪಾಸು ಸರಿಯಾಗಿ ಬರೆಯಬಲ್ಲೆ. ಐದನೆಯದಕ್ಕೆ ಮತ್ತೆ ನಾನೇ ಬಂದು ಕೂರುತ್ತೇನೆ. ದಿನಕ್ಕೆ ಎಂಟು ಗಂಟೆ ಬೇರೊಬ್ಬನಾಗಿರುವುದು ಎಂಥ ಸುಸ್ತು ಗೊತ್ತೇ? ಸಂಜೆ ಅಂಗಿ ಬಿಚ್ಚುವುದಕ್ಕೂ ಬೇಸರ.

ಚಿಕ್ಕಂದಿನಿಂದ ಇದಕ್ಕೆ ಮದ್ದು ನಡೆದೇ ಇದೆ. ತಲೆಗೆ ಒಂದೆಲಗದ ಎಣ್ಣೆ, ತೋಳಿಗೆ ತಾಯಿತ, ಬೆನ್ನಿಗೆ ಮೇಷ್ಟರ ಬೆತ್ತ. ಯಾವುದಕ್ಕೂ ನನ್ನನ್ನು ಕೇಳಿದವರಿಲ್ಲ.

ಮೂರನೆಯ ಮೆಮೊ ಬಂದ ಮೇಲೆ ಫ್ಯಾಕ್ಟರಿಯ ಡಾಕ್ಟರು ನನ್ನನ್ನು ಮನಸ್ಸಿನ ಕಾಯಿಲೆಗಳ ಡಾಕ್ಟರಮ್ಮನ ಬಳಿ ಕಳಿಸಿದರು. ಅಲ್ಲಿಗೆ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿ ಹೋಗಬೇಕು. ಕಂಡಕ್ಟರು 'ಹುಚ್ಚಾಸ್ಪತ್ರೆ ಇಳ್ಕೊಳ್ಳಿ' ಎಂದು ಕೂಗಿದಾಗ ನಾನು ಆಕಾಶ ನೋಡುತ್ತೇನೆ. ಮುಂದಿನ ಸ್ಟಾಪಿನಲ್ಲಿಳಿದು ಹಿಂದಕ್ಕೆ ನಡೆಯುತ್ತೇನೆ.

ಡಾಕ್ಟರಮ್ಮ ನಾಲ್ಕು ಸಲ ಕೂರಿಸಿಕೊಂಡು ನನ್ನ ಇಡೀ ಪುರಾಣ ಕೇಳಿದರು. ಆಮೇಲೆ ಹೇಳಿದರು: "ಇದಕ್ಕೆ ಎಲ್ಲರೂ ಒಪ್ಪೋ ಹೆಸರು ಇನ್ನೂ ಇಲ್ಲ. ಆದ್ರೆ ಸೋಮಾರಿತನ ಅಂತೂ ಅಲ್ಲ. ಒಂದು ಮಾತ್ರೆ ಬಂದಿದೆ. ಕೆಲವರಿಗೆ ಒಗ್ಗುತ್ತೆ, ಕೆಲವರಿಗಿಲ್ಲ. ಹಸಿವು ಕಡಿಮೆ ಆಗಬಹುದು, ನಿದ್ದೆ ಕೆಡಬಹುದು, ಎದೆ ಹೊಡ್ಕೋಬಹುದು. ತಗೋತೀರಾದ್ರೆ ಅರ್ಧದಿಂದ ಶುರು ಮಾಡೋಣ, ವಾರ ವಾರ ನಾನು ನೋಡ್ತೀನಿ. ಬೇಡ ಅಂದ್ರೆ ಅದಿಲ್ದೆ ಏನು ಮಾಡಬಹುದೋ ನೋಡೋಣ."

"ನೀವೇ ಹೇಳ್ಬಿಡಿ ಮೇಡಂ."

"ನುಂಗೋರು ನೀವು. ಸೋಮವಾರ ಬಂದು ಹೇಳಿ. ಅಲ್ಲೀವರೆಗೂ ಮುಟ್ಟಬೇಡಿ."

"ನಾಲ್ಕು ಜನರ ದನಿ ಮಾಡ್ತೀನಲ್ಲ, ಅದು ಹೊರಟೋಗುತ್ತಾ?"

"ಗೊತ್ತಿಲ್ಲ. ಹೋದ ಹಾಗನ್ನಿಸಿದ್ರೆ ಹೇಳಿ, ನಿಲ್ಲಿಸೋಣ."

ಬೆತ್ತವಾದರೆ ಸುಲಭವಿತ್ತು, ತೀರ್ಮಾನ ಮೇಷ್ಟರದು. ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ ಕೊಂಡು ತಂದು ದೇವರ ಗೂಡಿನ ಪಕ್ಕ ಇಟ್ಟೆ. ಬರುತ್ತಾ ಹೋಗುತ್ತಾ ಅದನ್ನು ನೋಡಿದೆ. ಕೆಲಸ ಹೋದರೆ ಮನೆ ನಡೆಯುವುದಿಲ್ಲ. ನನ್ನ ದನಿಗಳು ಹೋದರೆ ನಾನು ಯಾರು?

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ತಾಯಿಯಿಲ್ಲದ ನನ್ನನ್ನು ಬೆಳೆಸಿದವರು ದೊಡ್ಡಮ್ಮ. ದೇವರ ನೈವೇದ್ಯವೊಂದನ್ನು ಬಿಟ್ಟರೆ, ತಾವು ರುಚಿ ನೋಡದೆ ಏನನ್ನೂ ನನ್ನ ಬಾಯಿಗೆ ಕೊಟ್ಟವರಲ್ಲ. ಸಾರು, ಕಷಾಯ, ಹರಳೆಣ್ಣೆ, ಎಲ್ಲವೂ ಮೊದಲು ಅವರ ನಾಲಿಗೆಗೆ.

"ದೊಡ್ಡಮ್ಮ, ಏನ್ ಮಾಡ್ಕೊಂಡೆ ನೀನು?" ಎಂದೆ ಗುರುವಾರ, ಗೂಡಿನ ಪಕ್ಕದ ಮಾತ್ರೆಗಳಲ್ಲಿ ಒಂದು ಕಡಿಮೆಯಿರುವುದನ್ನು ಕಂಡು. ಅಂದು ನನಗೆ ರಜೆ.

"ನಾ ಬಾಯಿಗಿಟ್ ನೋಡ್ದೆ ನಿಂಗೇನ್ಲಾ ಕೊಟ್ಟಿದೀನಿ? ಉಪ್ಪು ನೋಡ್ದಂಗೆ ಇದನ್ನೂ ನೋಡ್ದೆ. ಎದೆ ಯಾಕೋ ರಾಗಿ ಕಲ್ಲು ಬೀಸ್ದಂಗೆ ಬೀಸ್ತಾ ಐತೆ ಕಣ್ಲಾ."

ಕೈ ಹಿಡಿದು ಬಸ್ಸು ಹತ್ತಿಸಿದೆ. ಕಂಡಕ್ಟರು ಸ್ಟಾಪಿನ ಹೆಸರು ಕೂಗಿದ. ನಾನು ಅಭ್ಯಾಸದಂತೆ ಆಕಾಶ ನೋಡಿದೆ. ದೊಡ್ಡಮ್ಮ ಎದ್ದು ನಿಂತರು: "ತಡಿಯಪ್ಪಾ, ನಿಲ್ಸು! ನಮ್ ಹುಡುಗನ ಡಾಕ್ಟ್ರು ಇಲ್ಲೇ ಇರೋದು!" ಇಡೀ ಬಸ್ಸು ನನ್ನನ್ನು ನೋಡಿತು. (ನಮ್ಮ ಹೆಡ್‌ಗುಮಾಸ್ತರ ಬಾವಮೈದ ಅದರಲ್ಲಿದ್ದ. ಇರದೇ ಇರುತ್ತಾನೆಯೇ?)

ಡಾಕ್ಟರಮ್ಮ ನಾಡಿ ಹಿಡಿದು, ಎದೆ ಪರೀಕ್ಷೆ ಮಾಡಿ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ಗದರಿದರು ಕೂಡ: "ಇನ್ನೊಬ್ಬರ ಮಾತ್ರೆ ಇನ್ಮೇಲೆ ಮುಟ್ಟಬೇಡಿ ಅಜ್ಜಿ. ಇದೇನು ಸಾರಾ, ರುಚಿ ನೋಡೋಕೆ? ನಿಮ್ಮ ವಯಸ್ಸಿಗೆ ಅಪಾಯ."

"ಇವನ್ಗೂ ಬ್ಯಾಡ ಕಣವ್ವ," ಎಂದರು ದೊಡ್ಡಮ್ಮ. "ಕೂತ್ರೆ ಏಳು ಅನ್ತದೆ. ಎದ್ರೆ ಇನ್ನೊಂದ್ ಮಾಡು ಅನ್ತದೆ. ತಲೆ ಒಳಗೆ ಸಂತೆ."

"ನಿಮಗೆ ಆದಂಗೇ ಇವರಿಗೂ ಆಗುತ್ತೆ ಅಂತಿಲ್ಲ. ಇವರಿಗೆ ಸಂತೆ ಕಡಿಮೆ ಆಗಲೂಬಹುದು. ಇವರು ನುಂಗಿ ನೋಡಿದ್ರೇನೇ ಗೊತ್ತಾಗೋದು. ಅದೂ ಅರ್ಧ, ನನ್ನ ಕಣ್ಣೆದುರಿಗೆ."

ಹೊರಗಿನ ಬೆಂಚಿನ ಮೇಲೆ ಕೂತೆವು. ದೊಡ್ಡಮ್ಮ ಸೆರಗಿನ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಆಮೇಲೆ ಕೇಳಿದರು: "ನಿಂಗೆ ದಿನಾ ಹಿಂಗೇನ್ಲಾ?"

ಬೇರೆ ದಿನವಾಗಿದ್ದರೆ ಡಾಕ್ಟರಮ್ಮನ ದನಿಯಲ್ಲೇ ಉತ್ತರ ಕೊಡುತ್ತಿದ್ದೆ. ಅಂದು ಯಾರ ದನಿಯೂ ಸಿಗಲಿಲ್ಲ.

"ಹೂಂ," ಎಂದೆ.

"ಯಾಕ್ಲಾ ಯೋಳ್ನಿಲ್ಲ?"

"ಎಲ್ಲಾರ್ಗೂ ಹಿಂಗೇ ಅನ್ಕೊಂಡಿದ್ದೆ."

ಅವರು ನನ್ನ ಮಂಡಿಯ ಮೇಲೆ ಕೈಯಿಟ್ಟರು. "ಬ್ಯಾಡ ಅನ್ನಕ್ಕೊಂದು ನೆಪ ಬೇಕಿತ್ತು ಕಣ್ಲಾ, ಅದ್ಕೇ ನುಂಗಿದ್ದು. ಇನ್ ನಾನೇನೂ ಅನ್ನಲ್ಲ. ನಿನ್ ತಲೆ, ನೀನೇ ನೋಡ್ಕೋ."

ಅಲ್ಲೇ ತೀರ್ಮಾನಿಸಿದೆ. ಮೆಮೊಗೆ ಹೆದರಿ ಅಲ್ಲ. ಧೈರ್ಯ ಬಂದೂ ಅಲ್ಲ. ದಣಿದಿದ್ದೆ, ಅಷ್ಟೆ. ದಣಿವು ಕಡಿಮೆಯಾಗುವುದಾದರೆ ಒಂದೆರಡು ದನಿ ಹೋದರೂ ಹೋಗಲಿ ಎನ್ನಿಸಿತು.

ಸೋಮವಾರ ಡಾಕ್ಟರಮ್ಮನ ಎದುರಿಗೆ ಅರ್ಧ ನುಂಗಿದೆ. ಪವಾಡಕ್ಕೆ ಕಾಯುತ್ತಿದ್ದೀರಾ? ಬಾಯಿ ಒಣಗಿತು. ಊಟ ಸೇರಲಿಲ್ಲ. ಮರುದಿನ ಒಂದೇ ಸಮನೆ ಹನ್ನೊಂದು ಪಾಸು ಬರೆದೆ, ನಾನಾಗಿಯೇ. ಲಾರಿಗಳು ಊರು ಸೇರಿದವಂತೆ. ಡ್ರೈವರನ ಕೆಮ್ಮು ಇನ್ನೂ ಬರುತ್ತದೆ, ಪರೀಕ್ಷಿಸಿ ನೋಡಿದೆ. ಮುಂದುವರಿಸುವುದೋ ಬಿಡುವುದೋ, ವಾರದ ಕೊನೆಗೆ ನಾನೂ ಡಾಕ್ಟರಮ್ಮನೂ ಕೂತು ನೋಡುತ್ತೇವೆ. ಇದು ನನ್ನ ಕತೆ. ನಿಮ್ಮದನ್ನು ನಿಮ್ಮ ಡಾಕ್ಟರ ಬಳಿ ಹೇಳಿಕೊಳ್ಳಿ.

ನನಗೆ ಉಳಿದಿರುವುದು ಒಂದೇ ಪ್ರಶ್ನೆ. 'ಸುಮ್ಮನೆ ಕೂತ್ಕೋ' ಎಂದು ಇಪ್ಪತ್ತು ವರ್ಷ ಗದರಿದವರು ನೂರು ಜನ. ಕೂರಲು ನಿನಗೇನು ಕಷ್ಟ ಎಂದು ಒಬ್ಬರಾದರೂ ಕೇಳಬೇಕಾದರೆ, ಅವರು ನನ್ನ ಮಾತ್ರೆ ನುಂಗಲೇಬೇಕಿತ್ತೇ?